ನೆಗೆಣ್ಣಿಯ ಎದೆಯ ಸದ್ದು

ಮೊನ್ನೆ ಕಾಗವಾಡದಿಂದ ಬಸ್ಸಿನಲ್ಲಿ ಬರುವಾಗ ದಾರಿಬದಿಯ ಶೆಡ್ಡಿನಿಂದ ಗಂಧಕದ ಹೊಗೆ ಕಿಟಕಿಯೊಳಗೆ ನುಗ್ಗಿತು. ಒಣದ್ರಾಕ್ಷಿಗೆ ಬಣ್ಣ ಬರಲೆಂದು ಹಾಕುವ ಹೊಗೆ. ನನ್ನ ನೆಗೆಣ್ಣಿಯ ಸೆರಗಿನಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ನನ್ನ ಮೈದುನನ ಹೆಂಡತಿ ಅವಳು. ಉಗಾರ ಬುದ್ರುಕದಲ್ಲಿ ಒಂದೇ ಮನೆಯಲ್ಲಿದ್ದೆವು. ಅಂಥದೇ ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಬರುವ ದಾರಿಯಲ್ಲಿ ಏದುಸಿರು ಬಂದು ನಿಂತರೆ, ಹೊಗೆ ಕುಡಿದದ್ದಕ್ಕೆ ಹೀಗಾಗುತ್ತದೆ ಎನ್ನುತ್ತಿದ್ದಳು. ನಾವೂ ನಂಬಿದ್ದೆವು.

ಇಬ್ಬರಿಗೂ ಎರಡೆರಡು ಮಕ್ಕಳಾಗಿದ್ದವು. ಮಕ್ಕಳಾಗದ ಆಪರೇಶನ್ ಒಟ್ಟಿಗೇ ಮಾಡಿಸಿಕೊಂಡು, ಬಾಣಂತಿಯರ ಹಾಗೆ ಜೋಡಿಯಾಗಿ ಮಲಗೋಣ ಎಂದು ನಗುತ್ತ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆವು. ರಕ್ತ, ಮೂತ್ರ, ಬಿ.ಪಿ. ಎಲ್ಲ ನೋಡಿದರು. ಡಾಕ್ಟರಮ್ಮ ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ತೆಗೆದರು. ಅವಳ ಎದೆಗೆ ಇಟ್ಟವರು ಬೇಗ ತೆಗೆಯಲೇ ಇಲ್ಲ. ಸಣ್ಣವಳಿದ್ದಾಗ ಜ್ವರ ಬಂದು ಕೀಲು ಬಾತು ನೋಯುತ್ತಿದ್ದವೇ ಎಂದು ಕೇಳಿದರು. ಹೌದೆಂದಳು. ನನ್ನ ಆಪರೇಶನ್ ಆಯಿತು. ಅವಳನ್ನು ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆ ಜ್ವರದಿಂದ ಎದೆಯ ಕವಾಟ ಕಿರಿದಾಗಿದೆ, ಏದುಸಿರು ಅದರದೇ ಎಂದು ಅಲ್ಲಿ ಗೊತ್ತಾಯಿತು.

ವರದಿ ತಂದ ದಿನ ಸಿಸ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ನಾನೂ ಅಲ್ಲಿದ್ದೆ.

"ಇವರಿಗೆ ಇಲ್ಲಿ ಆಪರೇಶನ್ ಮಾಡಾಕ ಬರಂಗಿಲ್ರಿ. ಬಸುರಾದ್ರಂತೂ ಜೀವಕ್ಕ ಅಪಾಯ ಐತಿ. ನೀವ ಮಾಡಿಸ್ಕೋರಿ. ಗಂಡಸರದು ಸಣ್ಣ ಕೆಲಸ, ಸಂಜಿಕೆ ಮನಿಗೆ ಹೋಗ್ತೀರಿ."

ಮೈದುನ ತಲೆ ತಗ್ಗಿಸಿದ. ಮೊದಲು ಬಾಯಿ ತೆರೆದವಳು ಅವಳೇ.

"ಅವರಿಗೆ ಬ್ಯಾಡ್ರಿ. ಕಬ್ಬಿನ ಹೊರಿ ಹೊರೂ ಮೈ ಅದು."

ಶಕ್ತಿ ಕುಂದುವುದಿಲ್ಲವೆಂದು ಸಿಸ್ಟರು ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಮನೆಯಲ್ಲಿ ಅತ್ತೆಯದೂ ಅದೇ ಮಾತು. ಕಬ್ಬು ಕಾರ್ಖಾನೆಗೆ ಹೋಗಲಿ, ಆಮೇಲೆ ನೋಡೋಣ ಎಂದ ಮೈದುನ. ಕಬ್ಬು ಹೋಯಿತು. ಕಡಿದ ಬುಡದಿಂದ ಕುಳೆ ಚಿಗುರಿತು. ಯಾರೂ ಮತ್ತೆ ಆ ಮಾತು ಎತ್ತಲಿಲ್ಲ...

ಬಸುರಾದದ್ದನ್ನು ಅವಳು ನನಗೂ ಹೇಳಲಿಲ್ಲ. ಹೊಟ್ಟೆ ಕಂಡ ಮೇಲೆ ಬೈದೆ. "ಬೈಬ್ಯಾಡ ಯಕ್ಕಾ, ಎರಡು ಹಡದೀನಲ್ಲ" ಎಂದಳು. ಏಳನೇ ತಿಂಗಳಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಮಿರಜಿಗೆ ಒಯ್ಯುವ ಗಾಡಿಯಲ್ಲಿ ನನ್ನ ಭುಜಕ್ಕೆ ಒರಗಿ, ಮಕ್ಕಳಿಗೆ ಉಣ್ಣಲು ಹಾಕಿ ಬಂದೆಯಾ ಎಂದು ಕೇಳಿದಳು. ಹಾಕೀನಿ ಎಂದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ... ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ.

ವರ್ಷ ತುಂಬಿದ ಮೇಲೆ ಅತ್ತೆ ಮರುಮದುವೆಯ ಮಾತು ತೆಗೆದರು. ಹೆಣ್ಣು ನೋಡಲು ರಾಯಬಾಗಕ್ಕೆ ಹೊರಡಬೇಕಾದ ದಿನ ಮೈದುನ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದ. ಸಂಜೆಯ ಬಸ್ಸಿಗೆ ಒಬ್ಬನೇ ಬಂದು ಕಟ್ಟೆಯ ಮೇಲೆ ಕೂತ. ಎಲ್ಲಿಗೆ ಹೋಗಿದ್ದೆ ಎಂದು ನನ್ನ ಗಂಡ ಕೇಳಿದರು. ಆಪರೇಶನ್ ಮಾಡಿಸಿಕೊಂಡು ಬಂದೆ ಎಂದ. ಬಸ್ಸಿನ ಚೀಟಿ ಮಡಚುತ್ತ,

"ಇಷ್ಟ ಸಣ್ಣ ಕೆಲಸ ಇತ್ತಣ್ಣಾ" ಎಂದ.

ಆಮೇಲೆ ಅವನು ಅತ್ತದ್ದನ್ನು ಅತ್ತೆ ಒಳಗೆ ಒಲೆಯ ಮುಂದೆ ಕೂತು ಕೇಳಿಸಿಕೊಂಡರು. ಮರುಮದುವೆಯ ಮಾತು ಅಲ್ಲಿಗೆ ನಿಂತಿತು.

ನೆಗೆಣ್ಣಿಯ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅವ್ವಾ ಎಂದು ನನ್ನನ್ನು ಕರೆಯುತ್ತಾಳೆ. ಓ ಎನ್ನುವ ಮೊದಲು ನಾನು ಒಂದು ಗಳಿಗೆ ತಡೆಯುತ್ತೇನೆ. ಓಗೊಡಬೇಕಾದವಳು ನಾನಲ್ಲ...