ಮಾವನ ಮುಖದ ಸಕ್ಕರೆ ಒಂಟೆ

ನಮ್ಮ ಮನೆಯ ಒಂಟೆಗೆ ನಮ್ಮ ಸೋದರಮಾವನ ಮುಖವಿದೆ. ಇದು ನನ್ನ ಸಂಶೋಧನೆಯಲ್ಲ, ಅವ್ವ ಸಣ್ಣಾಕಿ ಇದ್ದಾಗಲೇ ಪತ್ತೆ ಹಚ್ಚಿದ್ದು. ಈ ವಿಷಯ ನಮ್ಮ ನೆಂಟರಿಗೆಲ್ಲ ಗೊತ್ತು, ಮಾವನೊಬ್ಬನಿಗೆ ಗೊತ್ತಿಲ್ಲ.

ಒಂಟೆ ಅಂದರೆ ಸಕ್ಕರೆ ಒಂಟೆ. ಗೌರಿ ಹುಣ್ಣಿಮೆಗೆ ಆರತಿ ತಟ್ಟೆಯಲ್ಲಿ ಆನೆ, ಗಿಳಿ, ಬಸವಣ್ಣನ ಜೊತೆ ನಿಲ್ಲುವ ಗೊಂಬೆ. ಅದರ ಕಟ್ಟಿಗೆಯ ಅಚ್ಚು ಅವ್ವ ಮದುವೆಯಾಗಿ ಬಂದಾಗ ತಂಗಡಗಿಯಿಂದ ಬಸವನ ಬಾಗೇವಾಡಿಗೆ ಅವಳ ಟ್ರಂಕಿನಲ್ಲಿ ಬಂದಿತ್ತು. ಕೆತ್ತಿದವನು ಒಂಟೆ ನೋಡಿರಲಿಕ್ಕಿಲ್ಲ, ಯಾರೋ ಬಾಯಲ್ಲಿ ಹೇಳಿರಬೇಕು. ಗೂನು ಬಾಲದ ಕಡೆಗೆ ಸರಿದಿದೆ. ಕೆಳದುಟಿ ಜೋತುಬಿದ್ದಿದೆ. ಮುಖದಲ್ಲಿ, ಎಲ್ಲರನ್ನೂ ಊಟಕ್ಕೆ ಕರೆದು ತನ್ನನ್ನು ಮರೆತರು ಅನ್ನುವಂಥ ಒಂದು ಭಾವ. ಗೂನೊಂದನ್ನು ಬಿಟ್ಟರೆ ಮಾವನೇ.

ನಾನು ಮಂದಿಯ ದನಿ, ನಡಿಗೆಯ ನಕಲು ತೆಗೆಯುವವನು. ಓಣಿಯಲ್ಲಿ ನಾನು ಮಾಡದ ಮನುಷ್ಯ ಉಳಿದಿಲ್ಲ. ಮಾವನನ್ನು ಮಾಡಬೇಕಾದರೆ ಕೆಳದುಟಿ ಬಿಟ್ಟರೆ ಸಾಕು, ಮಾತೇ ಬೇಡ. ಅದನ್ನೂ ನಾನು ಕಲಿತದ್ದು ಮಾವನನ್ನು ನೋಡಿ ಅಲ್ಲ, ಒಂಟೆಯನ್ನು ನೋಡಿ.

ಈ ಸಲ ಅಣ್ಣನಿಗೆ ಇಂಡಿ ಊರಿನ ಕಡೆಯ ಹುಡುಗಿ ಗೊತ್ತಾಯಿತು. ಮದುವೆ ಗೌರಿ ಹುಣ್ಣಿಮೆಯ ಆಚೆಗೆ ಬಿತ್ತು. ಹಂಗಾದರೆ ಹುಣ್ಣಿಮೆಗೆ ಗಂಡಿನ ಮನೆಯವರು ಸೀರೆ, ಹೂವು, ಸಕ್ಕರೆ ಆರತಿ ತಗೊಂಡು ಹುಡುಗಿಯ ಮನೆಗೆ ಹೋಗಬೇಕು. ಅವ್ವ ಅಟ್ಟದಿಂದ ಅಚ್ಚುಗಳ ಗಂಟು ಇಳಿಸಿದಳು. ಆನೆ ಇತ್ತು, ಗಿಳಿ ಇತ್ತು, ಬಸವಣ್ಣನೂ ಇದ್ದ. ಒಂಟೆ ಅರ್ಧ ಮಾತ್ರ ಇತ್ತು.

ಈ ಅಚ್ಚು ಎರಡು ಹೋಳು. ಒಂದೊಂದರಲ್ಲಿ ಅರ್ಧರ್ಧ ಒಂಟೆ ತಗ್ಗಾಗಿ ಕೆತ್ತಿರುತ್ತದೆ. ಎರಡನ್ನೂ ನೀರಲ್ಲಿ ನೆನೆಸಿ, ಮುಖಕ್ಕೆ ಮುಖ ಹಚ್ಚಿ, ಹಗ್ಗ ಬಿಗಿದು, ಮೇಲಿನ ತೂತಿನಿಂದ ಸಕ್ಕರೆ ಪಾಕ ಹೊಯ್ಯಬೇಕು. ಒಂದು ಹೋಳನ್ನು ಗೆದ್ದಲು ತಿಂದಿತ್ತು. ಪೂರಾ ತಿಂದು, ಅಂಚಿಗೆ ಸ್ವಲ್ಪ ಬಿಟ್ಟಿತ್ತು.

ಅಣ್ಣ, "ಪ್ಯಾಟ್ಯಾಗ ಹೊಸಾ ಅಚ್ಚು ಸಿಗ್ತಾವ ಬಿಡವಾ" ಅಂದ.

"ಪ್ಯಾಟಿ ಒಂಟಿ ಪ್ಯಾಟಿಯವರ ಮನಿಗೆ ಹೋಗ್ಲಿ" ಅಂದಳು ಅವ್ವ. ಆಮೇಲೆ ಹೋಳನ್ನು ಸೆರಗಿನಿಂದ ಒರೆಸುತ್ತ, ಯಾರಿಗೂ ಅಲ್ಲ ಅನ್ನುವಂತೆ ಹೇಳಿದಳು: "ನಾ ಈ ಮನಿಗೆ ಬಂದಾಗ ಅತ್ತಿ ಮುಂದ ನಗಾಕ ಬರ್ತಿದ್ದಿಲ್ಲ. ಅಡಗಿ ಮನ್ಯಾಗ ಇದನ್ನ ತಗದು ನೋಡ್ತಿದ್ನಿ. ನಮ್ಮಣ್ಣನ ಮಾರಿ ಕಾಣ್ತಿತ್ತು. ನಗು ಬರ್ತಿತ್ತು. ಆ ಹುಡುಗಿಗೂ ಈ ಮನ್ಯಾಗ ನಗಾಕ ಒಂದು ಬೇಕಲ್ಲ."

ಅಣ್ಣ ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ಸ್ವಲ್ಪ ಬೇಜಾರು ಮಾಡಿಕೊಂಡ.

ಹಿಂದಿನ ಕೋಣೆಯಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ ಮಷಿನ್ ಇದೆ. ಕಂಪ್ಯೂಟರ್ ಹೇಳಿದ ಹಾದಿಯಲ್ಲಿ ಕತ್ತರಿಸುವ ಮೊಳೆ ಓಡಾಡಿ ಕಟ್ಟಿಗೆ ಕೆತ್ತುತ್ತದೆ. ಅಲ್ಲಿಯವರೆಗೆ ಅದರಿಂದ ಹುಟ್ಟಿದ್ದು ನನ್ನದೇ ಹೆಸರಿನ ಬೋರ್ಡುಗಳು. ಅವ್ವ ಅದಕ್ಕೆ ಕಟ್ಟಿಗಿ ತಿನ್ನೋ ಮಷಿನ್ ಅನ್ನುತ್ತಾಳೆ.

"ಗೆದ್ದಲಾ ತಿಂದದ್ದನ್ನ ನಿನ್ನ ಮಷಿನ್ ತಿಂದು ಸರಿ ಮಾಡ್ತೈತೇನು?"

"ಮಾಡ್ತೈತಿ, ಇದು ನನ್ನ ವಾಗ್ದಾನ ಐತ್ರಿ" ಅಂದೆ, ಓಟು ಕೇಳಲು ಬರುವವರ ದನಿಯಲ್ಲಿ. ಹೇಳಿದ ಮೇಲೆ ಗೊತ್ತಾಯಿತು, ನನ್ನ ದನಿಯಲ್ಲಿ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಯಾಕಂದರೆ ಮಷಿನ್‌ಗೆ ತಾನಾಗಿ ಏನೂ ಬರುವುದಿಲ್ಲ. ಆಕಾರ ಬಿಡಿಸಲು ಒಂದು ಸಾಫ್ಟ್‌ವೇರ್ ಬೇಕು. ಆ ಆಕಾರದ ಮೇಲೆ ಮೊಳೆ ಎಲ್ಲಿಂದ ಎಲ್ಲಿಗೆ, ಎಷ್ಟು ಆಳ ಹೋಗಬೇಕೆಂದು ಹಾದಿ ಹಾಕಲು ಇನ್ನೊಂದು ಬೇಕು. ಕೆಲವು ಎರಡನ್ನೂ ಮಾಡುತ್ತವೆ, ಹಾಗಂತ ಹೇಳಿಕೊಳ್ಳುತ್ತವೆ. ಹೆಸರಿನ ಬೋರ್ಡಿಗೆ ಯಾವುದಾದರೂ ನಡೆಯುತ್ತಿತ್ತು, ಒಂಟೆಗೆ ನಡೆಯುವುದಿಲ್ಲ. ಫೋನಿನಲ್ಲಿ ಮಾವನಿಗೆ ಇದನ್ನು ವಿವರಿಸಿದೆ. ಆತ, "ಟ್ರ್ಯಾಕ್ಟರ್ ತಗೊಂಡ್ರ ಸ್ಟೇರಿಂಗ್ ಬ್ಯಾರೆ ತಗೋಬೇಕೇನು?" ಅಂದ.

ಸಿಂದಗಿಯಲ್ಲಿ ನನ್ನ ದೋಸ್ತನೊಬ್ಬ ದೊಡ್ಡ ಮಷಿನ್ ಇಟ್ಟು ಬಾಗಿಲು ಕೆತ್ತುತ್ತಾನೆ. ಸಿಂದಗಿಯಿಂದ ಯಂಕಂಚಿಯ ತನಕ ಹೊಸ ಮನೆಗಳ ಬಾಗಿಲ ಮೇಲೆ ಕುಳಿತ ನವಿಲೆಲ್ಲ ಅವನದೇ, ಒಂದೇ ನವಿಲು. ಬಸ್ಸು ಹಿಡಿದು ಹೋದೆ.

"ಏನ್ ಚಿಂತೀನೂ ಮಾಡಬ್ಯಾಡ" ಎಂದು ಪೆನ್‌ಡ್ರೈವ್ ಕೊಟ್ಟ. "ಭಾರಿ ಸಾಫ್ಟ್‌ವೇರ್ ಐತಿ. ಕಂಪನಿಯವರಿಗೆ ಹೇಳಬ್ಯಾಡ ಅಷ್ಟ. ಒಳಗ ರೆಡಿ ಒಂಟಿನೂ ಅದಾವ."

"ನಮ್ಮ ಒಂಟಿ ಬ್ಯಾರೇನ ಐತಿ."

"ಒಂಟ್ಯಾಗ ಬ್ಯಾರೆ ಅಂದ್ರೇನಲೇ? ನವಿಲ ಬ್ಯಾರೆ ಬೇಕಂತ ಯಾರರೆ ಕೇಳ್ಯಾರೇನು ನನ್ನ?"

ರೆಡಿ ಒಂಟೆ ಚೆಂದವಿತ್ತು. ಕುತ್ತಿಗೆ ಎತ್ತಿ, ಮದುವೆ ಫೋಟೋಕ್ಕೆ ನಿಂತ ಹಾಗೆ ನಿಂತಿತ್ತು. ಮನೆಗೆ ಬಂದು ಅವ್ವನಿಗೆ ತೋರಿಸಿದೆ.

"ಯಾರಿದು?" ಅಂದಳು.

"ಒಂಟಿ."

"ಒಂಟಿ ಅನ್ನೂದು ಕಾಣ್ತೈತಿ. ಯಾರ ಮನೀದು?"

ಅಲ್ಲಿಗೆ ರೆಡಿ ಒಂಟೆಯ ಸಂಬಂಧ ಮುರಿಯಿತು.

ಉಳಿದಿದ್ದು ಒಂದೇ ದಾರಿ. ಇರುವ ಹೋಳಿನಿಂದ ಒಂಟೆಯನ್ನು ಎತ್ತಬೇಕು. ಅವ್ವ ಹೋಳಿಗೆಗೆಂದು ನಾದಿದ್ದ ಕಣಕದಲ್ಲಿ ಒಂದು ಉಂಡೆ ತಗೊಂಡು, ಎಣ್ಣೆ ಸವರಿದ ಹೋಳಿನೊಳಗೆ ಹೆಬ್ಬೆರಳಿನಿಂದ ಒತ್ತಿ, ಮೆಲ್ಲಗೆ ಎಬ್ಬಿಸಿದಳು. ತಗ್ಗಿನಲ್ಲಿದ್ದ ಮಾವ ಉಬ್ಬಿ ಮೇಲೆ ಬಂದ. ಸುತ್ತಲಿಂದ ಫೋನಿನಲ್ಲಿ ಫೋಟೋ ಹೊಡೆದು, ಅವನ್ನೆಲ್ಲ ಜೋಡಿಸಿ ಕಂಪ್ಯೂಟರಿನೊಳಗೆ ಕಣಕದ ಒಂಟೆಯನ್ನು ನಿಲ್ಲಿಸಿದೆ. ಇನ್ನು ಯಾವ ಸಾಫ್ಟ್‌ವೇರಿಗೆ ಅದನ್ನು ಒಪ್ಪಿಸುವುದೆಂಬ ಪ್ರಶ್ನೆ.

ಮೊದಲನೆಯದು ಇಂಟರ್‌ನೆಟ್‌ನಲ್ಲೇ ಓಡುವಂಥದ್ದು. ಹೊಸದಾಗಿ ಕೆಲಸಕ್ಕೆ ಸೇರಿದ ಬ್ಯಾಂಕಿನ ಹುಡುಗಿಯಂತೆ ಬಲು ನಯ. "ನಿಮಗೆ ಸಹಾಯ ಬೇಕೇ? ನೀವು ಇದನ್ನು ಅಳಿಸಲು ಖಚಿತವಾಗಿ ಬಯಸುವಿರಾ?" ಕರೆಂಟ್ ಹೋದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ಅವಳೂ ಹೋಗುತ್ತಾಳೆ. ಅದನ್ನೂ ಸಹಿಸುತ್ತಿದ್ದೆ. ಆದರೆ ಒಂಟೆಯನ್ನು ಒಳಗೆ ಹಾಕಿದ ಕೂಡಲೇ ಕೇಳದೆ ನುಣುಪು ಮಾಡಿಬಿಟ್ಟಳು. ಜೋತುಬಿದ್ದ ತುಟಿ ಮೇಲೆದ್ದಿತು. ಪರದೆಯ ಮೇಲೆ ಮಾವ ನಗುತ್ತಿದ್ದ. ಅವ್ವ ಹಿಂದೆ ನಿಂತು ನೋಡಿ, "ತಗೀ ಅದನ್ನ. ಅಂವ ನನ್ನ ಮದಿವ್ಯಾಗೂ ನಕ್ಕಿಲ್ಲ" ಅಂದಳು.

ಎರಡನೆಯದು ಸಿಂದಗಿಯ ಪೆನ್‌ಡ್ರೈವಿನದು. ಅವಧಿ ಮುಗಿದಿದ್ದರಿಂದ ಅದು ತೆರೆಯಬೇಕಾದರೆ ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ತಿರುಗಿಸಬೇಕು. ತಿರುಗಿಸಿದೆ. ಆ ತಾರೀಖಿಗೆ ಅಣ್ಣನಿಗೆ ಇನ್ನೂ ಹೆಣ್ಣೇ ಗೊತ್ತಾಗಿರಲಿಲ್ಲ. ತೆರೆದ ಮೇಲೆ ಅದು ಊರ ಹಿರಿಯನ ಗತ್ತಿನಲ್ಲಿ ಒಂಟೆಯನ್ನು ನೋಡಿ, ಇದರಲ್ಲಿ ದೋಷಗಳಿವೆ, ಸರಿಪಡಿಸುತ್ತೇನೆ ಎಂದಿತು. ಮೂಗಿನ ಹೊಳ್ಳೆ ಮುಚ್ಚಿತು. ನಾನು ಬೇಡ ಅನ್ನುವುದರೊಳಗೆ ಪರದೆ ಹೆಪ್ಪುಗಟ್ಟಿ ನಿಂತಿತು.

ಮೂರನೆಯದು ಒಂದಲ್ಲ, ಎರಡು. ಬಿಡಿಸಲು ಒಂದು, ಹಾದಿ ಹಾಕಲು ಒಂದು. ಯಾರೋ ಪುಣ್ಯಾತ್ಮರು ಸೇರಿ ಮಾಡಿ ಪುಕ್ಕಟೆ ಬಿಟ್ಟಿದ್ದು. ಬೂದಿ ಬಣ್ಣ, ಸಣ್ಣ ಅಕ್ಷರ. ತಹಶೀಲ್ದಾರ್ ಆಫೀಸಿನ ಕಿಟಕಿಯ ಹಿಂದೆ ಕೂತವರ ಹಾಗೆ, ಏನು ಕೇಳಿದರೂ ತಲೆ ಎತ್ತುವುದಿಲ್ಲ. ಒಂದು ಅಂಕಿ ತಪ್ಪಿದರೆ ತಪ್ಪಿದೆ ಅನ್ನುವುದಿಲ್ಲ, ಸುಮ್ಮನೆ ಕೆಲಸ ಮಾಡುವುದಿಲ್ಲ. ಆದರೆ ಕೊಟ್ಟ ಒಂಟೆಯನ್ನು ಕೊಟ್ಟ ಹಾಗೇ ಇಟ್ಟಿತು. ತುಟಿ, ಹೊಳ್ಳೆ, ಸರಿದ ಗೂನು ಎಲ್ಲ ಅಲ್ಲಲ್ಲೇ ಇದ್ದವು. ಒಬ್ಬನ ದನಿ ತೆಗೆಯುವಾಗ ಅವನ ತೊದಲನ್ನು ತಿದ್ದಿಬಿಟ್ಟರೆ ಅದು ಯಾರ ದನಿಯೂ ಅಲ್ಲ. ನನಗೆ ಬೇಕಾಗಿದ್ದು ಏನನ್ನೂ ಸುಧಾರಿಸದ ಸಾಫ್ಟ್‌ವೇರ್. ಸಿಕ್ಕಿತು.

ಕೆತ್ತುವ ದಿನ ಮಾವ ಮುದ್ದೇಬಿಹಾಳದ ಬಸ್ಸಿಗೆ ಬಂದಿಳಿದ. ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂತ. ಮೊದಲು ದಪ್ಪ ಮೊಳೆ, ಕಣಕದಲ್ಲಿ ಉಬ್ಬಿದ್ದಲ್ಲೆಲ್ಲ ತಗ್ಗಾಗುವಂತೆ, ಸಾಗವಾನಿ ತುಂಡನ್ನು ಒರಟಾಗಿ ತೋಡಿತು. ಆಮೇಲೆ ದುಂಡು ತುದಿಯ ಸಣ್ಣ ಮೊಳೆ ಸಾಲು ಹಿಡಿದು ಹೋಗಿ ಬಂದು, ಹೋಗಿ ಬಂದು ಮಾಡಿತು.

"ಮೊದಲ ನೇಗಲಾ ಹೊಡದಿ, ಈಗ ಕುಂಟಿ ಹೊಡ್ಯಾಕತ್ತಿ" ಅಂದ ಮಾವ. "ಇಷ್ಟಕ್ಕ ಕಂಪ್ಯೂಟರ್ ಯಾಕ ಬೇಕು?"

ಹಳೆಯದು, ಹೊಸದು ಎರಡೂ ಹೋಳು ಜೋಡಿಸಿ, ಹಗ್ಗ ಬಿಗಿದು, ಅವ್ವ ಪಾಕ ಹೊಯ್ದಳು. ಆರಿದ ಮೇಲೆ ಬಿಚ್ಚಿದಳು. ಒಳಗೆ ಒಂಟೆ ಇತ್ತು. ಆ ಕಡೆ ಅರ್ಧ ತಲೆ ಅರ್ಧ ಬಾಲ, ಈ ಕಡೆ ಅರ್ಧ ಬಾಲ ಅರ್ಧ ತಲೆ.

ಅವ್ವ ಅದನ್ನು ಬೆಳಕಿಗೆ ಹಿಡಿದಳು. "ಇದು ಬೀಗರ ಮನಿಗೆ ಹೊಂಟೈತೋ, ಬೀಗರ ಮನಿಯಿಂದ ಹೊಳ್ಳಿ ಬರಾಕತ್ತೈತೋ?"

ನಾನು ವಿಡಿಯೋ ಒಂದರಲ್ಲಿ ನೋಡಿದ್ದೆ. ಅಚ್ಚಿನ ಇನ್ನೊಂದು ಹೋಳು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು, ತಿರುಗಿಸುವ ಗುಂಡಿ ಒತ್ತಿ ಎಂದು. ಒತ್ತಿದ್ದೆ. ಆ ವಿಡಿಯೋದವನ ಮನೆಯಲ್ಲಿ ಕಣಕ ಒತ್ತುವ ಅವ್ವ ಇರಲಿಲ್ಲ. ಕಣಕದಲ್ಲಿ ಒತ್ತಿ ಎಬ್ಬಿಸಿದಾಗಲೇ ಒಂಟೆ ಒಮ್ಮೆ ತಿರುಗಿತ್ತು. ನಾನು ಇನ್ನೊಮ್ಮೆ ತಿರುಗಿಸಿ ಮೊದಲಿನ ಕಡೆಗೇ ನಿಲ್ಲಿಸಿದ್ದೆ. ಕಿಟಕಿಯ ಹಿಂದಿನ ಸಾಫ್ಟ್‌ವೇರ್ ಎಲ್ಲ ನೋಡುತ್ತಿತ್ತು, ಒಂದು ಮಾತು ಹೇಳಲಿಲ್ಲ.

"ಎರಡೂ ಎಡಗಾಲಿನ ಚಪ್ಪಲಿ ಮಾಡಿ ಇಟ್ಟಿಯಲ್ಲೋ ಭಾಡ್ಯಾ" ಅಂದಳು ಅವ್ವ. ದನಿ ಗಟ್ಟಿ ಇತ್ತು, ಆದರೆ ಹಳೆಯ ಹೋಳನ್ನು ಮಡಿಲಿನಿಂದ ಕೆಳಗೆ ಇಡಲಿಲ್ಲ. ಮಾವ ಆ ಒಂಟೆಯನ್ನು ಮುರಿದು ತಿಂದು, "ರುಚಿ ಐತಿ" ಅಂದ. ತನ್ನ ಮುಖವನ್ನು ತಾನೇ ತಿನ್ನುವುದನ್ನು ನಾನು ನೋಡಿದ್ದು ಅದೇ ಮೊದಲು.

ಒಣಗಿದ ಸಾಗವಾನಿ ಇನ್ನೊಂದೇ ತುಂಡು ಉಳಿದಿತ್ತು. ಮಾರನೆಯ ದಿನ ತಿರುಗಿಸಿದ್ದನ್ನು ತೆಗೆದು, ಕರೆಂಟ್ ಹೋಗಬಾರದೆಂದು ಮನೆಯ ಫ್ಯಾನು, ಟಿವಿ ಎಲ್ಲ ಆರಿಸಿ ಮಷಿನ್ ಹಚ್ಚಿದೆ. ಫ್ಯಾನು ಆರಿಸಿದರೆ ಲೈನಿನ ಕರೆಂಟ್ ಉಳಿಯುತ್ತದೆಯೇ ಎಂದು ಅಣ್ಣ ಕೇಳಿದ. ಉಳಿಯುವುದಿಲ್ಲ. ಆದರೂ ಯಾರೂ ಫ್ಯಾನು ಹಚ್ಚಲಿಲ್ಲ. ಅವ್ವ ಬಾಗಿಲಲ್ಲಿ ನಿಂತು, ಮೊಳೆ ತುಟಿಯ ಜಾಗಕ್ಕೆ ಬಂದಾಗೆಲ್ಲ ತಾನೇ ತುಟಿ ಬಿಗಿ ಹಿಡಿಯುತ್ತಿದ್ದಳು.

ಆ ಸಲ ಬಿಚ್ಚಿದಾಗ ಒಂಟೆಗೆ ಒಂದೇ ತಲೆ, ಒಂದೇ ಬಾಲ. ತುಟಿ ಜೋತುಬಿದ್ದಿತ್ತು. ಅವ್ವ ಅದನ್ನು ನೋಡಿದಳು, ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅಣ್ಣನನ್ನು ನೋಡಿದಳು. "ಆದ್ರೂ ನಮ್ಮಣ್ಣನ ಮಾರಿ ಆ ಹುಡುಗಿಗೆ ಕಾಣಬೇಕಲ್ಲ" ಅಂದಳು.

ಇಂಡಿಯಲ್ಲಿ ಬೀಗರ ಮನೆ ತುಂಬ ಹೆಣ್ಣುಮಕ್ಕಳು. ಅಣ್ಣನ ಹೆಂಡತಿಯಾಗಿ ನನಗೆ ವೈನಿಯಾಗಲಿರುವವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅವಳು ತಲೆ ತಗ್ಗಿಸಿ, ಪರೀಕ್ಷೆಗೆ ಕೂತವಳ ಹಾಗೆ ಕೂತಿದ್ದಳು. ತಟ್ಟೆ ಮುಂದಿಟ್ಟರು. ಆನೆ, ಗಿಳಿ, ಬಸವಣ್ಣ, ಮುಂದೆ ಒಂಟೆ. ಅವಳು ಹೌದ್ರಿ, ಛಲೋ ಅದಾವ್ರಿ ಅಂದಳು, ಹೇಳಿಕೊಟ್ಟ ಹಾಗೆ. ಅವ್ವ ಸೀರೆಯ ಅಂಚು ಸರಿ ಮಾಡಿದ್ದನ್ನೇ ಮತ್ತೆ ಸರಿ ಮಾಡಿದಳು.

ಮಾತು ಹೆಚ್ಚಾಗಿ ಊಟ ತಡವಾಯಿತು. ಗಂಡಸರನ್ನೆಲ್ಲ ಎಬ್ಬಿಸಿ ಎಲೆಗೆ ಕರೆದರು. ಯಾರೂ ಹೇಳಿಕೊಟ್ಟದ್ದಲ್ಲ, ಮಾವನೊಬ್ಬನನ್ನು ಮರೆತರು. ಆತ ಕಂಬದ ಬದಿಯ ಕುರ್ಚಿಯಲ್ಲಿ ಒಬ್ಬನೇ ಉಳಿದು, ಕೆಳದುಟಿ ಬಿಟ್ಟು, ತಟ್ಟೆಯ ಕಡೆ ನೋಡುತ್ತ ಕೂತ.

ಹುಡುಗಿ ತಲೆ ಎತ್ತಿದಳು. ಮಾವನನ್ನು ನೋಡಿದಳು. ಒಂಟೆಯನ್ನು ನೋಡಿದಳು. ಇನ್ನೊಮ್ಮೆ ಮಾವನನ್ನು ನೋಡಿದಳು. ಸೆರಗು ಬಾಯಿಗೆ ಹೋಯಿತು, ಹೆಗಲು ಅಲುಗತೊಡಗಿದವು. ಅವ್ವ ಅವಳ ಪಕ್ಕಕ್ಕೆ ಸರಿದು ಕೂತು, ತಾನೂ ಸೆರಗು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡಿದ್ದರೆ ಕೆಡುತ್ತಿತ್ತು.

ಮಾವ ಬಗ್ಗಿ ಒಂಟೆಯನ್ನು ದಿಟ್ಟಿಸಿದ.

"ಛಲೋ ಬಂದೈತಿ" ಅಂದ. "ಮಾರಿ ನೋಡ್ರಿ, ಭಾಳ ಗಂಭೀರ ಐತಿ."