ಹೆರೆಮಾಯಾ ದೊಡ್ಡಪ್ಪನ ಎರಡು ನಿಮಿಷ

ನಮ್ಮ ಹೆರೆಮಾಯಾ ದೊಡ್ಡಪ್ಪ ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದ. ಕೇಳಿದವರಿಗೆ ಮಾತ್ರ "ನಾನು ಮಾತುಗಾರ" ಎನ್ನುತ್ತಿದ್ದ, ಬಸ್ಸು ಬೇರೆ ಯಾರೋ ಓಡಿಸಿದ್ದರೆಂಬಂತೆ. ಈ ದ್ವೀಪದ ಮೂಲನಿವಾಸಿ ಮಾವೊರಿಗಳಾದ ನಮ್ಮಲ್ಲಿ ಸಭೆಯಲ್ಲಿ ಎದ್ದವನು ಮೊದಲು ಸತ್ತವರಿಗೆ ನಮಸ್ಕಾರ ಹೇಳಬೇಕು, ಆಮೇಲೆ ಬದುಕಿದವರ ವಿಷಯ. ದೊಡ್ಡಪ್ಪ ಎದ್ದನೆಂದರೆ, ಬದುಕಿದವರ ಸರದಿ ಬರುವಷ್ಟರಲ್ಲಿ ಅವರಲ್ಲೇ ಒಬ್ಬಿಬ್ಬರು ಆ ಕಡೆ ಸೇರಿಬಿಟ್ಟಾರೆಂಬ ಭಯ.

ಇದಕ್ಕೆ ಮದ್ದು ಮೆರೆಯಾನಾ ದೊಡ್ಡಮ್ಮನ ಹತ್ತಿರವಿತ್ತು. ನಮ್ಮ ಪದ್ಧತಿಯಲ್ಲಿ ಗಂಡಸಿನ ಮಾತಿನ ಹಿಂದೆ ಹೆಂಗಸಿನ ಹಾಡು ಬರಬೇಕು. ಹಾಡು ಶುರುವಾದರೆ ಮಾತು ಮುಗಿಯಿತು. ಹಾಲು ಉಕ್ಕುವ ಹೊತ್ತು ಕಾಯ್ದ ಹಾಗೆ ಕಾದು ಅವಳು ಎದ್ದು ಹಾಡುತ್ತಿದ್ದಳು. ಅವನು ಅರ್ಧ ವಾಕ್ಯ ನುಂಗಿಕೊಂಡು ಕೂರುತ್ತಿದ್ದ.

ಆ ವರ್ಷ ಸಮುದ್ರ ನಮ್ಮ ಸ್ಮಶಾನದ ಬೇಲಿ ಮುರಿಯಿತು. ಮುಂದಿನ ಚಳಿಗಾಲಕ್ಕೆ ಮೊದಲ ಸಾಲಿನ ಗೋರಿಗಳು ಉಳಿಯುವಂತಿರಲಿಲ್ಲ. ಕಲ್ಲಿನ ತಡೆಗೋಡೆ ಕೇಳಿ ಬರೆದ ಪತ್ರಗಳಿಗೆಲ್ಲ ಊರಾಡಳಿತದ ಕೌನ್ಸಿಲ್‌ನವರ ಉತ್ತರ ಒಂದೇ: 'ತಲುಪಿದೆ'. ಆಗ ರಾಷ್ಟ್ರೀಯ ಟಿವಿಯ ಮಾವೊರಿ ಸುದ್ದಿ ಕಾರ್ಯಕ್ರಮದಿಂದ ರೀಪೆಕಾ ಎಂಬ ಹುಡುಗಿ ಬಂದಳು.

"ನೇರ ಪ್ರಸಾರ ಅಜ್ಜ. ಎರಡೇ ನಿಮಿಷ."

"ಎರಡು ನಿಮಿಷ ನಂಗೆ ಗಂಟಲು ಸರಿಮಾಡ್ಕೊಳ್ಳೋಕೇ ಬೇಕಲ್ಲ ಮಗಳೇ."

"ಅದನ್ನ ಮನೇಲೇ ಮಾಡ್ಕೊಂಡು ಬಾ ಮುದುಕಾ," ಎಂದಳು ದೊಡ್ಡಮ್ಮ. "ಗೋಡೆ ಬೇಕು ಅನ್ನು, ಮುಗಿಸು. ಎಳೆದ್ಯೋ, ಇಡೀ ದೇಶದ ಮುಂದೆ ಹಾಡಿಬಿಡ್ತೀನಿ."

ವಾರವಿಡೀ ಅಡುಗೆಮನೆಯ ಗಡಿಯಾರದ ಮುಂದೆ ಅಭ್ಯಾಸ ನಡೆಯಿತು. ಒಂಬತ್ತು ನಿಮಿಷಕ್ಕಿಂತ ಕೆಳಗಿಳಿಯಲೇ ಇಲ್ಲ.

ಆ ಸಂಜೆ ಸ್ಮಶಾನದಲ್ಲಿ ದೊಡ್ಡಪ್ಪ ಕೋಲೂರಿ ನಿಂತ. ದೊಡ್ಡಮ್ಮ ಕ್ಯಾಮೆರಾದ ಹಿಂದೆ ಬೆಂಚಿನ ಮೇಲೆ. ಎಂದಿನ ಬೆಟ್ಟ, ನಕ್ಷತ್ರಗಳ ವರ್ಣನೆಯನ್ನೆಲ್ಲ ಬಿಟ್ಟು ಅವನು ನೇರವಾಗಿ ಮೊದಲ ಸಾಲಿಗೇ ಬಂದ. ತುದಿಯ ಗೋರಿಯಿಂದ ಒಂದೊಂದೇ ಹೆಸರು.

"ಪಿರಿಹಿರಾ, ಊರಿಗೆಲ್ಲ ರೊಟ್ಟಿ ಸುಟ್ಟವಳೇ. ನಿನ್ನ ಒಂದ್ಸಲ ಅತ್ತು ಕಳಿಸಿದ್ವಿ, ಈಗ ಸಮುದ್ರಕ್ಕೆ ಇನ್ನೊಂದ್ಸಲ ಕಳಿಸ್ಬೇಕಾ? ಹೋನೆ, ಯುದ್ಧದಿಂದ ಒಂಟಿ ಕಾಲಲ್ಲಿ ಬಂದೂ ಕುಣಿದವನೇ..."

ಎರಡು ನಿಮಿಷ ದಾಟಿತು. ರೀಪೆಕಾ ಕೈಬೀಸಿದಳು. ಕೊನೆಗೆ ದೊಡ್ಡಮ್ಮನ ಕಡೆ ಬಾಗಿ, "ಅಜ್ಜಿ, ಹಾಡಿ!" ಎಂದು ಪಿಸುಗುಟ್ಟಿದಳು.

ದೊಡ್ಡಮ್ಮ ಎದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ಅವನು ಸಾಲಿನ ಕೊನೆಯ ಪುಟ್ಟ ಗೋರಿಗೆ ಬಂದಿದ್ದ.

"ತೂಯಿ, ಹನ್ನೊಂದೇ ದಿನ ನಮ್ಮನೇಲಿದ್ದ ಮಗಳೇ. ನಿಂಗೆ ಈಜು ಬರಲ್ವಲ್ಲೇ ಕಂದಾ."

ನಲವತ್ತಾರು ವರ್ಷದಲ್ಲಿ ಆ ಹೆಸರು ಅವನ ಯಾವ ಭಾಷಣದಲ್ಲೂ ಬಂದಿರಲಿಲ್ಲ. ದೊಡ್ಡಮ್ಮ ಬಾಯಿ ಮುಚ್ಚಿದಳು. ಅವನು ತಾನಾಗಿಯೇ ಮಾತು ನಿಲ್ಲಿಸಿದ, ಜೀವಮಾನದಲ್ಲಿ ಮೊದಲ ಸಲ. ಸ್ಟುಡಿಯೋದಲ್ಲೂ ಯಾರೂ ಪ್ರಸಾರ ಕತ್ತರಿಸಲಿಲ್ಲ. ಆಮೇಲೆ ಅವಳು ಹಾಡಿದಳು. ಅದು ಜೋಗುಳ.

"ಗೋಡೆ ವಿಷಯಾನೇ ಮರ್ತೆನಲ್ಲೇ," ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ದೊಡ್ಡಪ್ಪ ಕೊರಗಿದ.

"ಹೂಂ ಬಿಡು. ಕೇಳಿಸ್ಕೊಂಡಿರ್ತಾರೆ," ಎಂದು ಅವಳು ಅವನ ಮಫ್ಲರು ಸರಿಮಾಡಿದಳು.

ಸೋಮವಾರ ಕೌನ್ಸಿಲ್‌ನವರು ಅಳತೆಯ ಟೇಪು ಹಿಡಿದು ಬಂದೇಬಿಟ್ಟರು. ಅವರನ್ನು ಸ್ವಾಗತಿಸಲು ದೊಡ್ಡಪ್ಪ ಎದ್ದ. ಇಪ್ಪತ್ತು ನಿಮಿಷ ಕಳೆಯಿತು, ನಲವತ್ತಾಯಿತು. ಹಾಡಾಗದೆ ಅತಿಥಿಗಳು ಏಳುವಂತಿಲ್ಲ. ದೊಡ್ಡಮ್ಮನೋ, ಕೈಕಟ್ಟಿ ಕೂತವಳು ಕೂತೇ ಇದ್ದಳು. ಕೊನೆಗೆ ಅವರ ಮುಖ್ಯಸ್ಥ ಅವಳ ಕಿವಿಯ ಬಳಿ ಬಾಗಿ, ಕಲ್ಲು ಬಂದಿಳಿಯುವ ತಾರೀಖು ಹೇಳಿದ.

ಅವಳು ಎದ್ದು ಹಾಡಿದಳು.