ಬಿಚ್ಚಿದ ಬೋಲ್ಟಿಗೆ ಗರಗಸ

ಕಳೆದ ವರ್ಷ ಜನವರಿಯ ಕೊನೆಯ ಸೋಮವಾರ ಬೆಳಿಗ್ಗೆ, ಬೆಳಗೋಡು ಸಮೀಪದ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ವಿಮಾನದ ಪೊರ್ಬುಗಳು ಹಿತ್ತಾಳೆಯ ಮೊಹರೊಂದನ್ನು ಮೇಜಿನ ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ಗರಗಸದಿಂದ ಎರಡು ತುಂಡು ಮಾಡಿದರು. ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಅದರ ಗೆರೆಗಳಲ್ಲಿ ಕೂತ ಗ್ರೀಸಿನ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಆ ಹೆಬ್ಬೆರಳಿನಿಂದ ಹಿತ್ತಾಳೆಯ ಪುಡಿ ಒರೆಸಿ, ತುಂಡುಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಕಾಫಿ ಒಣಗಿಸುವ ಕಣದಿಂದ ಅವರ ಪತ್ನಿ ಕೇಳಿದರು, "ಏನ್ರೀ ಅದು ಕುಯ್ಯೋದು?"

"ಹಳೇ ಸಾಮಾನು," ಎಂದರು.

ಅವರ ಅಜ್ಜ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಅಂಥ ಕ್ರೈಸ್ತ ಮನೆತನದವರನ್ನು ನಮ್ಮ ಕಡೆ ಪೊರ್ಬುಗಳು ಎನ್ನುತ್ತಾರೆ. ಆಸುಪಾಸಿನಲ್ಲಿ ಎಸ್ಟೇಟ್ ರೈಟರ್ ಪೊರ್ಬು ಇದ್ದರು, ಬೇಕರಿ ಪೊರ್ಬು ಇದ್ದರು. ಇವರು ಬಯಲುಸೀಮೆಯ ಒಂದು ಊರಿನ ಹಾರಾಟ ಕ್ಲಬ್ಬಿನಲ್ಲಿ ಇಂಜಿನಿಯರ್ ಆಗಿದ್ದರು, ಹಾಗಾಗಿ ವಿಮಾನದ ಪೊರ್ಬು. ಅಲ್ಲಿದ್ದ ಎರಡು ತರಬೇತಿ ವಿಮಾನಗಳೂ ಕಲಿಯಲು ಬರುವವರಿಗಿಂತ ವಯಸ್ಸಿನಲ್ಲಿ ದೊಡ್ಡವು. ನಿವೃತ್ತಿಯಾದ ಮೇಲೂ ಕ್ಲಬ್ಬಿನವರು ಕರೆದಾಗ ಇವರು ಸಕಲೇಶಪುರಕ್ಕೆ ಹೋಗಿ ರೈಲು ಹತ್ತುತ್ತಿದ್ದರು.

ಅಂಥ ವಿಮಾನದಲ್ಲಿ ಮೊದಲು ಸವೆಯುವುದು ಮೂತಿಯ ಕೆಳಗಿನ ಗಾಲಿಯ ಕೀಲು. ಗಾಲಿಯ ಕಂಬಕ್ಕೆ ಕತ್ತರಿಯಂತೆ ಮಡಚುವ ಎರಡು ತೋಳುಗಳಿರುತ್ತವೆ. ಗಾಲಿ ಅಡ್ಡ ತಿರುಗದಂತೆ ಹಿಡಿಯುವುದು ಅವು. ತೋಳುಗಳು ಸೇರುವಲ್ಲಿ ಬಳೆಯಂಥ ಒಂದು ಬುಷ್, ಅದರೊಳಗೆ ಬೆರಳುದ್ದದ ಬೋಲ್ಟ್. ಇವು ಸವೆದರೆ ಇಳಿಯುವಾಗ ಗಾಲಿ ಗಡಗಡ ನಡುಗುತ್ತದೆ. ಪೊರ್ಬುಗಳು ವಿಮಾನದ ಬಾಲ ಒತ್ತಿಸಿ, ಮೂತಿ ಮೇಲೆತ್ತಿಸಿ, ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಅಲುಗಾಡಿಸುತ್ತಿದ್ದರು. ಕೀಲು ಸಡಿಲವೆನಿಸಿದರೆ, "ಪ್ಲೇ ಬಂದೈತೆ, ಬಿಚ್ಚಿ," ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಒಂದು ಅಪಘಾತದ ಮರುದಿನ. ಆಗ ನಾನು ಆ ಊರಿನಲ್ಲಿ ವರದಿಗಾರ. ಇಳಿಯುತ್ತಿದ್ದ ತರಬೇತಿ ವಿಮಾನದ ಮುಂದಿನ ಗಾಲಿ ಅಡ್ಡ ತಿರುಗಿ, ಕಂಬ ಮಡಚಿಕೊಂಡು, ಮೂತಿ ನೆಲಕ್ಕೆ ಬಡಿದಿತ್ತು. ಕಲಿಯುತ್ತಿದ್ದ ಯುವಕನ ಮಣಿಕಟ್ಟು ಮುರಿಯಿತು. ಅವನು ಮತ್ತೆ ಹಾರಲಿಲ್ಲ. ತಾಂತ್ರಿಕ ದೋಷ ಎಂದು ನಾನು ಬರೆದೆ. ಪೊರ್ಬುಗಳು ಪತ್ರಿಕೆ ಹಿಡಿದು ಕಚೇರಿಗೆ ಬಂದರು.

"ಈ ತಾಂತ್ರಿಕ ದೋಷ ಅನ್ನೋರು ಯಾರು? ನಮ್ಮ ಹ್ಯಾಂಗರಿನಲ್ಲಿ ಇಲ್ಲ. ಸವೆದೈತೆ ಅಂತ ಬಿಚ್ಚಿದ್ದ ಬೋಲ್ಟು ಅದು. ಹೊಸದು ಬರೋಕೆ ವಾರ ಆಗುತ್ತೆ ಅಂದ್ರು, ಅದನ್ನೇ ತಿರುಗಿ ಹಾಕ್ಬುಟ್ಟೆ. ಹಾಕಿದ್ದು ನಾನು, ಕಾಗದಕ್ಕೆ ಸೀಲ್ ಒತ್ತಿದ್ದೂ ನಾನು. ಹಂಗೆ ಬರೀರಿ."

ಮಾತಿನ ಧಾಟಿ ಕೇಳಿ ಯಾವ ಊರು ಎಂದೆ. ಬೆಳಗೋಡು ಎಂದರು. ನಾನು ಅದೇ ತಾಲ್ಲೂಕಿನ ಮಾರನಹಳ್ಳಿಯವನು ಎಂದೆ. "ಹಂಗಾದ್ರೆ ತಪ್ಪಿಸ್ಕೊಳ್ಳೋಕೆ ಆಗಲ್ಲ, ಬರೀರಿ ಮಾರಾಯ್ರೆ."

ಬರೆದೆ. ಅವರ ಲೈಸೆನ್ಸ್ ಆರು ತಿಂಗಳು ಅಮಾನತಾಯಿತು. ತಾಂತ್ರಿಕ ದೋಷ ಎಂಬ ಎರಡು ಪದಗಳನ್ನು ನಾನು ಆಮೇಲೆ ಯಾವ ವರದಿಯಲ್ಲೂ ಬಳಸಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಅವರೊಂದು ಪದ್ಧತಿ ಇಟ್ಟುಕೊಂಡರು. ಸವೆದ ಭಾಗವನ್ನು ಬಿಚ್ಚಿದ ಕೂಡಲೇ ವೈಸಿಗೆ ಸಿಕ್ಕಿಸಿ ಕುಯ್ಯುವುದು. ಯಾರೂ ಮತ್ತೆ ಹಾಕಬಾರದೆಂದು ಹಳೆಯ ಭಾಗಗಳನ್ನು ಕೆಡಿಸುವ ರೂಢಿ ವಿಮಾನದ ಕೆಲಸದಲ್ಲಿ ಇದೆ. ಬೇರೆಯವರು ಹೊಸದು ಕೂತ ಮೇಲೆ ಕೆಡಿಸುತ್ತಾರೆ. ಇವರು ಹೊಸದಕ್ಕೆ ಕಾಯುತ್ತಿರಲಿಲ್ಲ.

ಒಮ್ಮೆ ನಾಲ್ವರು ವಿದ್ಯಾರ್ಥಿಗಳ ಹಾರಾಟ ಪರೀಕ್ಷೆಗೆ ಎರಡು ದಿನವಿದ್ದಾಗ ವಿಮಾನದ ಗಾಲಿಯ ಬೋಲ್ಟ್ ಬಿಚ್ಚಬೇಕಾಯಿತು. ಹೊಸದು ಬಂದಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಹ್ಯಾಂಗರಿಗೆ ಬಂದಾಗ ನಾನೂ ಅಲ್ಲಿದ್ದೆ.

"ಎರಡೇ ದಿನ ಸರ್, ಹಳೇದನ್ನೇ ಹಾಕಿಕೊಡಿ. ಪರೀಕ್ಷಕರು ಮತ್ತೆ ಬರೋದು ಮೂರು ತಿಂಗಳಿಗೆ."

ಪೊರ್ಬುಗಳು ಬೋಲ್ಟಿನ ಎರಡು ತುಂಡುಗಳನ್ನು ಅವರ ಅಂಗೈಗೆ ಹಾಕಿದರು.

"ಹೊಸದು ಬರೋ ಮೊದಲೇ ಯಾಕ್ರೀ ಕುಯ್ದ್ರಿ?"

"ನೀವು ಹಿಂಗೆ ಕೇಳ್ತೀರಿ ಅಂತ. ಕೇಳಿದ್ರೆ ನಾನು ಹೂಂ ಅಂದ್ಬುಡ್ತೀನಿ ಅಂತ."

ಪರೀಕ್ಷೆ ನಡೆಯಲಿಲ್ಲ. ಸಂಜೆ ಯಾರೋ ಪೊರ್ಬುಗಳ ಸ್ಕೂಟರಿನ ಎರಡೂ ಗಾಲಿಯ ಗಾಳಿ ಬಿಟ್ಟಿದ್ದರು. ಅವರು ನೋಡಿ, ಪಂಪು ತರಲು ಹ್ಯಾಂಗರಿಗೆ ಮರಳಿದರು.

ಮನೆಯಲ್ಲಿ ಈ ಶಿಸ್ತು ಇರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಒಂದು ಕಾಲಿಗೆ ಸೈಕಲ್ ಟ್ಯೂಬು ಸುತ್ತಿದ್ದರು. "ವಿಮಾನಕ್ಕಾದ್ರೆ ಹೊಸಾ ಬೋಲ್ಟು, ನಮ್ಮನೇಗೆ ಟ್ಯೂಬು," ಎಂದು ಪತ್ನಿ ನನ್ನೆದುರೇ ಹಂಗಿಸಿದಾಗ, "ನಿನ್ನ ಪಲ್ಪರ್ ನೆಲ ಬಿಟ್ಟು ಮೇಲೆ ಹೋಗಲ್ಲ ಕಣೆ," ಎಂದರು.

ಮೊಹರು ಕುಯ್ಯುವ ಹಿಂದಿನ ಶನಿವಾರ ಅವರು ಕ್ಲಬ್ಬಿನಲ್ಲಿದ್ದರು. ಅವರ ಜಾಗಕ್ಕೆ ಬಂದ ಇಂಜಿನಿಯರ್ ಆಲೂರಿನ ಹೆಣ್ಣುಮಗಳು. ಆಕೆಗೆ ಕೆಲಸ ಕಲಿಸಿದವರೂ ಇವರೇ. ಗಾಲಿಯ ತೋಳನ್ನು ಇವರು ನೋಡಿ ಸರಿಯಿದೆ ಎಂದರು. ಆಕೆ ನೋಡಿ, "ಸರ್, ಇಲ್ಲೊಂದು ಬಿರುಕೈತೆ," ಎಂದರು. ಇವರು ಭೂತಗನ್ನಡಿ ಹಿಡಿದು ಮೂರು ಸಲ ನೋಡಿದರು. ಕಾಣಲಿಲ್ಲ. ಹೆಬ್ಬೆರಳು ಆಡಿಸಿದರು. ತಿಳಿಯಲಿಲ್ಲ. ಬಿರುಕಿಗೆ ಇಳಿಯುವ ಬಣ್ಣ ಹಾಕಿ ಪರೀಕ್ಷಿಸಿದಾಗ ಕೂದಲೆಳೆಯಷ್ಟು ಬಿರುಕು ಎದ್ದು ಬಂತು. ತೋಳನ್ನು ಕುಯ್ದು, ಭಾನುವಾರ ಊರಿಗೆ ಬಂದರು. ಸೋಮವಾರ ಕುಯ್ದದ್ದು, ವಿಮಾನ ಹಾರಬಹುದು ಎಂದು ಕಾಗದದ ಮೇಲೆ ಒತ್ತುತ್ತಿದ್ದ ಮೊಹರು.

ಇದನ್ನೆಲ್ಲ ಅವರು ಅಂದೇ ಶೆಡ್ಡಿನಲ್ಲಿ ಹೇಳಿದರು. ಹೇಳುತ್ತಿರುವಾಗಲೇ ಕಾರ್ಯದರ್ಶಿಯ ಫೋನ್ ಬಂತು. ಸ್ಪೀಕರಿನಲ್ಲಿ ಇಟ್ಟರು.

"ಆಯಮ್ಮ ನೋಡ್ಲಿ ಸರ್. ನೀವು ಬಂದು ಸೀಲ್ ಹಾಕಿದ್ರೆ ಸಾಕು."

"ಸೀಲ್ ಎರಡಾಗೈತೆ ಮಾರಾಯ್ರೆ."

ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಸೀಲ್ ಇದ್ದು, ಇನ್ನೊಂದು ಸಲ ಕೇಳಿದ್ರೆ ಹೋಗ್ಬುಡ್ತಿದ್ದೆ ಕಣ್ರೀ."

ಆ ವರ್ಷ ಜುಲೈಯಲ್ಲಿ ಅವರು ತೀರಿಕೊಂಡರು. ಸಕಲೇಶಪುರದಲ್ಲಿ ಮಣ್ಣು ಮಾಡಿದರು. ಬಿಸ್ಕತ್ತಿನ ಡಬ್ಬಿಯನ್ನು ಅವರ ಪತ್ನಿ ಆಲೂರಿನ ಇಂಜಿನಿಯರಿಗೆ ಕೊಟ್ಟರು.

ಕಳೆದ ವಾರ ಆಕೆಗೆ ಫೋನ್ ಮಾಡಿದ್ದೆ. ಒಂದು ವಿಮಾನದ ಮುಂದಿನ ಗಾಲಿಯಲ್ಲಿ ಪ್ಲೇ ಬಂದಿದೆ. ಬೋಲ್ಟ್ ಬಿಚ್ಚಿದ್ದಾರೆ. ಹೊಸದು ಇನ್ನೂ ಬಂದಿಲ್ಲ. ಹಳೆಯದು ಎರಡು ತುಂಡಾಗಿ ಡಬ್ಬಿಯಲ್ಲಿದೆ.